ಕೀಲಿ ಕೈಗೆ ಬರುವ ಮುನ್ನ

ನಮ್ಮ ರಾಯಚೂರು ಜಿಲ್ಲೆಯಲ್ಲಿ, ಭತ್ತದ ದುಡ್ಡು ಬಂದ ಮೇಲೆ ಮಾನ್ವಿಯಲ್ಲಿ, ಹತ್ತಿ ಮಾರಿ ಮುಗಿದ ಮೇಲೆ ದೇವದುರ್ಗದಲ್ಲಿ ಗಾಡಿಯ ಮಾತು ಶುರುವಾಗುತ್ತದೆ. ಹಿರಿಯರು ಟ್ರ್ಯಾಕ್ಟರಿನ ಬಗ್ಗೆ ಮಾತಾಡುತ್ತಿದ್ದರೆ ಹುಡುಗರ ಮೊಬೈಲಿನಲ್ಲಿ ಹೈದರಾಬಾದಿನ ಯಾವುದೋ ಯಾರ್ಡಿನ ಫೋಟೊಗಳಿರುತ್ತವೆ. ಎಂಟು-ಹತ್ತು ವರ್ಷದ ಬಿಎಂಡಬ್ಲ್ಯು, ಆಡಿ, ಇಲ್ಲವೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಹೊಸದಿದ್ದಾಗ ನಲವತ್ತು ಲಕ್ಷದ ಆಸುಪಾಸಿನಲ್ಲಿದ್ದ ಗಾಡಿಯೂ ಈಗ ಒಂದು ಸಾಧಾರಣ ಹೊಸ ಎಸ್‌ಯುವಿಯ ಬೆಲೆಗೆ ಸಿಗುತ್ತದೆ. ‘ಸಿಂಗಲ್ ಓನರ್ ಐತಿ ಅಣ್ಣಾ, ಡಾಕ್ಟರ್ ಓಡಿಸಿದ ಗಾಡಿ, ಒಂದು ಗೀರೂ ಇಲ್ಲ’ ಅನ್ನುತ್ತಾನೆ ಏಜೆಂಟ್. ರಾಯಚೂರಿನಿಂದ ಮಹಬೂಬನಗರದ ಮೇಲೆ ಹಾದು ಹೋದರೆ ಹೈದರಾಬಾದ್ ಅರ್ಧ ದಿನದ ದಾರಿಯೂ ಅಲ್ಲ. ಬೆಂಗಳೂರು ಅದರ ಎರಡರಷ್ಟು ದೂರ. ಹಾಗಾಗಿ ನಮ್ಮ ಕಡೆಯ ಹುಡುಗರ ಕಣ್ಣು ಮೊದಲು ತೆಲಂಗಾಣದ ನಂಬರಿನ ಗಾಡಿಗಳ ಮೇಲೆಯೇ ಬೀಳುತ್ತದೆ.

ಈ ಆಸೆ ತಪ್ಪಲ್ಲ. ಒಳ್ಳೆಯ ಎಂಜಿನ್ನಿನ ಗಾಡಿ ಓಡಿಸುವ ಸುಖ ಬೆಂಗಳೂರಿನವರಿಗೆ ಮಾತ್ರ ಮೀಸಲಾಗಿ ಇರಬೇಕಾಗಿಯೂ ಇಲ್ಲ. ಆದರೆ ಹತ್ತು ವರ್ಷದಲ್ಲಿ ಗಾಡಿಯ ಬೆಲೆ ಇಳಿದಿರುತ್ತದೆಯೇ ಹೊರತು ಅದರ ಖರ್ಚು ಇಳಿದಿರುವುದಿಲ್ಲ. ನಲವತ್ತು ಲಕ್ಷದ ಗಾಡಿಯ ಗೇರ್‌ಬಾಕ್ಸ್, ಟರ್ಬೊ, ಬ್ರೇಕ್ ಡಿಸ್ಕುಗಳಿಗೆ ಇವತ್ತೂ ನಲವತ್ತು ಲಕ್ಷದ ಗಾಡಿಯ ಬಿಡಿಭಾಗಗಳ ರೇಟೇ. ಹನ್ನೆರಡು ಲಕ್ಷ ಹೊಂದಿಸಿ ಗಾಡಿ ತಂದ ಮನೆಯವರಿಗೆ ಆರು ತಿಂಗಳಲ್ಲಿ ಮೂರು ಲಕ್ಷದ ಗೇರ್‌ಬಾಕ್ಸ್ ಬಿಲ್ಲು ಬಂದರೆ, ಆ ಗಾಡಿ ಹುಣಸೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಲ್ಲುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಹಿಂದಿನವರು ಅದನ್ನು ಹೇಗೆ ನೋಡಿಕೊಂಡಿದ್ದರು ಎಂಬುದನ್ನು. ಅದಕ್ಕೆ ಕಾಗದದ ಪುರಾವೆ ಇಲ್ಲದಿದ್ದರೆ ಗಾಡಿ ಎಷ್ಟೇ ಹೊಳೆಯಲಿ, ವಾಪಸ್ ಬರುವುದೇ ಲೇಸು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸರ್ವಿಸ್ ದಾಖಲೆ ಎಂದರೆ ಬರೀ ಸ್ಟಾಂಪು ಹೊಡೆದ ಪುಸ್ತಕವಲ್ಲ, ಪ್ರತಿ ಬಾರಿಯ ಬಿಲ್ಲು ಬೇಕು. ಬಿಲ್ಲಿನಲ್ಲಿ ದಿನಾಂಕ, ಕಿಲೋಮೀಟರು, ಹಾಕಿದ ಆಯಿಲ್‌ನ ಗ್ರೇಡ್, ಬದಲಿಸಿದ ಭಾಗದ ನಂಬರು ಇರುತ್ತವೆ. ಗಾಡಿಯ ಚಾಸಿಸ್ ನಂಬರು ಕೊಟ್ಟರೆ ಕಂಪನಿಯ ವರ್ಕ್‌ಶಾಪಿನಲ್ಲಿ ಅಲ್ಲಿನ ಹಳೆಯ ಕೆಲಸದ ವಿವರ ಸಿಗುತ್ತದೆ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿ. 2019ರಲ್ಲಿ 62,000 ಕಿ.ಮೀ. ಎಂದು ಬಿಲ್ಲಿದ್ದ ಗಾಡಿಯ ಮೀಟರು ಇಂದು 48,000 ತೋರಿಸುತ್ತಿದ್ದರೆ ಮುಂದೆ ಮಾತು ಬೇಡ. ಮೀಟರ್ ಹಿಂದೆ ತಿರುಗಿಸುವ ದಂಧೆ ಹಳೆಯದು. ಆದರೆ ಈ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಲೆಕ್ಕ ಒಂದೇ ಇರುವುದಿಲ್ಲ. ಹಲವು ಮಾಡೆಲ್‌ಗಳಲ್ಲಿ ಗೇರ್‌ಬಾಕ್ಸಿನ ಕಂಪ್ಯೂಟರ್, ಕೀಲಿ ಮೊದಲಾದವು ತಮ್ಮದೇ ಲೆಕ್ಕ ಇಟ್ಟುಕೊಂಡಿರುತ್ತವೆ. ಸ್ಕ್ಯಾನರ್ ಹಾಕಿ ಎಲ್ಲ ಮಾಡ್ಯೂಲ್‌ಗಳನ್ನೂ ಓದಿಸಿದರೆ ಸುಳ್ಳು ಬಯಲಾಗುವ ಸಾಧ್ಯತೆ ಹೆಚ್ಚು. ಸ್ಟಿಯರಿಂಗ್‌ನ ತೊಗಲು, ಡ್ರೈವರ್ ಸೀಟಿನ ಹೊರ ಅಂಚು, ಬ್ರೇಕ್ ಪೆಡಲ್‌ನ ರಬ್ಬರು ಸವೆದಿರುವುದಕ್ಕೂ ಮೀಟರಿಗೂ ತಾಳೆ ಆಗಬೇಕು.

ಎಂಜಿನ್‌ನಿಂದ ಎಂಜಿನ್‌ಗೆ ರೋಗ ಬೇರೆ

‘ಜರ್ಮನ್ ಗಾಡಿ ಗಟ್ಟಿ’ ಎಂಬ ಮಾತಿಗೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅರ್ಥವಿಲ್ಲ. ಯಾವ ಎಂಜಿನ್, ಯಾವ ವರ್ಷದ್ದು ಎಂಬುದು ಮುಖ್ಯ. ಬಿಎಂಡಬ್ಲ್ಯು 320ಡಿ ನಮ್ಮ ಕಡೆ ಬಹಳ ಕಾಣುವ ಗಾಡಿ. ಅದರ ಹಳೆಯ ಎನ್47 ಡೀಸೆಲ್ ಎಂಜಿನ್ನಿನಲ್ಲಿ, ಅದರಲ್ಲೂ 2007ರಿಂದ 2011ರ ನಡುವಿನವುಗಳಲ್ಲಿ, ಟೈಮಿಂಗ್ ಚೈನ್ ಸವೆದು ತುಂಡಾದ ಪ್ರಕರಣಗಳು ಜಗತ್ತಿನ ಎಲ್ಲ ಕಡೆ ಆಗಿವೆ. ಆ ಚೈನು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಬದಿಗೆ ಇದೆ. ಹಾಗಾಗಿ ಬದಲಿಸಬೇಕೆಂದರೆ ದೊಡ್ಡ ಕೆಲಸ. ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಪೆಟ್ರೋಲಿನ 328ಐನಲ್ಲಿದ್ದ ಎನ್20 ಎಂಜಿನ್ನಿನಲ್ಲೂ ಚೈನಿನ ಪ್ಲಾಸ್ಟಿಕ್ ಗೈಡ್‌ಗಳು ಪುಡಿಯಾಗುವ ತೊಂದರೆ ಇತ್ತು. ಫೋಕ್ಸ್‌ವ್ಯಾಗನ್ ಬಳಗದ 1.8 ಮತ್ತು 2.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನುಗಳ ಎರಡನೇ ಪೀಳಿಗೆ ಆಯಿಲ್ ಕುಡಿಯುವುದಕ್ಕೆ ಹೆಸರಾದದ್ದು. ಆಡಿ ಎ4, ಸ್ಕೋಡಾ ಸೂಪರ್ಬ್, ಲಾರಾಗಳಲ್ಲಿ ಅದೇ ಎಂಜಿನ್ ಇತ್ತು. ಮಾಲೀಕರಿಗೆ ‘ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಟಾಪ್‌ಅಪ್ ಮಾಡ್ತೀರಿ’ ಎಂದು ನೇರವಾಗಿ ಕೇಳಿ. ‘ಗೊತ್ತಿಲ್ಲ’ ಎಂಬ ಉತ್ತರ ಬಂದರೆ, ಅವರು ಆಯಿಲ್ ಕಡ್ಡಿ ಎತ್ತಿ ನೋಡಿದವರೇ ಅಲ್ಲ ಎಂದಾಯಿತು.

ಗಾಡಿ ನೋಡಲು ಹೋಗುವಾಗ ‘ಸ್ಟಾರ್ಟ್ ಮಾಡಿಡಬೇಡ್ರಿ, ನಾವು ಬಂದ ಮೇಲೆ ಮಾಡೋಣ’ ಎಂದು ಫೋನಿನಲ್ಲೇ ಹೇಳಬೇಕು. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಇದ್ದರೆ ಅವರಿಗೆ ಮುಚ್ಚಿಡಲು ಏನೋ ಇದೆ. ಚೈನಿನ ಸದ್ದು, ಸಡಿಲವಾದ ಟೆನ್ಷನರ್‌ನ ಕಟಕಟ, ಸೈಲೆನ್ಸರಿನಿಂದ ನೀಲಿ ಹೊಗೆ ಎಲ್ಲ ತಣ್ಣಗಿನ ಎಂಜಿನ್ ಎದ್ದ ಮೊದಲ ಕೆಲವು ಸೆಕೆಂಡುಗಳಲ್ಲೇ ಗೊತ್ತಾಗುತ್ತವೆ. ಬಿಸಿಯಾದ ಮೇಲೆ ಎಲ್ಲವೂ ಸದ್ದಡಗಿಸಿಕೊಳ್ಳುತ್ತವೆ.

ನಮ್ಮ ಊರಿಗೆ ಬೇಕಾದ ವಿಶೇಷ ಪರೀಕ್ಷೆ ಕೂಲಿಂಗ್‌ದು. ರಾಯಚೂರಿನ ಮೇ ತಿಂಗಳ 43–44 ಡಿಗ್ರಿ ಬಿಸಿಲಿನಲ್ಲಿ ಟರ್ಬೊ ಎಂಜಿನ್ನಿನ ಸುತ್ತಲ ಶಾಖ ಎಷ್ಟಿರುತ್ತದೆ ಎಂದು ಯೋಚಿಸಿ. ಈ ಗಾಡಿಗಳ ವಾಟರ್ ಪಂಪು, ಥರ್ಮೋಸ್ಟ್ಯಾಟಿನ ಕವಚಗಳು ಬಹುಪಾಲು ಪ್ಲಾಸ್ಟಿಕ್ಕಿನವು. ಹತ್ತು ಬೇಸಿಗೆ ಕಂಡ ಪ್ಲಾಸ್ಟಿಕ್ಕು ಬಿರಿದು ಕೂಲೆಂಟ್ ಒಸರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿ. ಕಂಪನಿಯ ಕೂಲೆಂಟಿಗೆ ಗುಲಾಬಿ, ನೇರಳೆ, ನೀಲಿ ಇಂಥದೊಂದು ಸ್ಪಷ್ಟ ಬಣ್ಣ ಇರುತ್ತದೆ. ಅದು ತಿಳಿಯಾಗಿ, ಇಲ್ಲವೇ ತುಕ್ಕಿನ ಕಂದಾಗಿ ಕಂಡರೆ ಯಾರೋ ದಾರಿಯಲ್ಲಿ ಬೋರ್‌ವೆಲ್ ನೀರು ಸುರಿದಿದ್ದಾರೆ. ಗಡಸು ನೀರಿನ ಉಪ್ಪು ಅಲ್ಯೂಮಿನಿಯಂ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಎಸಿ ಹಾಕಿ, ಗಾಡಿ ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಓಡಿಸಿ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ, ಫ್ಯಾನು ಯಾವಾಗ ತಿರುಗುತ್ತದೆ ನೋಡಿ. ಡಿಸೆಂಬರಿನಲ್ಲಿ ಗಾಡಿ ಕೊಳ್ಳುವವರು ಈ ಪರೀಕ್ಷೆಯನ್ನು ನಡುಮಧ್ಯಾಹ್ನವೇ ಮಾಡಬೇಕು.

ಗೇರ್‌ಬಾಕ್ಸಿನ ವಿಷಯಕ್ಕೆ ಬಂದರೆ, ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದಾಗ ಅದು ನಮ್ಮ ಹುಡುಗರ ಮನಸ್ಸು ಗೆದ್ದದ್ದು ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಿಂದ. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚು. ನಿಂತು ಸಾಗುವ ಟ್ರಾಫಿಕ್ಕಿನ ಬಿಸಿಗೆ ಬೇಗ ದಣಿಯುತ್ತದೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಯೂನಿಟ್ಟು ಕೈಕೊಟ್ಟ ದೂರುಗಳೂ ಬಹಳ. ಪರೀಕ್ಷೆ ಮಾಡುವುದು ಹೀಗೆ: ಹೈದರಾಬಾದಿನ ಜನಜಂಗುಳಿಯ ರಸ್ತೆಯಲ್ಲಿ ಗಾಡಿಯನ್ನು ಬ್ರೇಕ್ ಬಿಟ್ಟು ಆಕ್ಸಲರೇಟರ್ ಮುಟ್ಟದೆ ತೆವಳಲು ಬಿಡಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗಿದರೆ, ರಿವರ್ಸ್ ಹಾಕಿದ ಮೇಲೆ ಹಿಡಿಯಲು ತಡ ಮಾಡಿದರೆ ಕ್ಲಚ್ಚಿನ ಕಾಲ ಮುಗಿಯುತ್ತ ಬಂದಿದೆ. ಆರು ಗೇರಿನ ಎಣ್ಣೆ ಕ್ಲಚ್ಚಿನ ಡಿಎಸ್‌ಜಿ ಗಟ್ಟಿ. ಆದರೆ ಅದಕ್ಕೆ ಪ್ರತಿ 60,000 ಕಿ.ಮೀ.ಗೆ ಗೇರ್ ಆಯಿಲ್ ಬದಲಿಸಲೇಬೇಕು. ಆ ಬಿಲ್ಲು ಇದೆಯೇ ಕೇಳಿ.

ಇನ್ನು ಕಂಪನಿಯೇ ದೇಶ ಬಿಟ್ಟು ಹೋದ ಗಾಡಿಗಳಿವೆ. 145 ಅಶ್ವಶಕ್ತಿಯ ಅಬಾರ್ತ್ ಪುಂಟೊ 2015ರಲ್ಲಿ ಬಂದಾಗ ಆ ಬೆಲೆಗೆ ಅಷ್ಟು ಶಕ್ತಿ ಮತ್ತೊಂದರಲ್ಲಿ ಇರಲಿಲ್ಲ. ಇವತ್ತೂ ಅದು ಪ್ರೀತಿ ಹುಟ್ಟಿಸುವ ಗಾಡಿಯೇ. ಆದರೆ ಫಿಯಟ್ ಕಾರು ಇಲ್ಲಿ ನಿಂತು ವರ್ಷಗಳಾದವು. ಫೋರ್ಡ್ 2021ರಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು. ಇಂಥ ಗಾಡಿ ಕೊಳ್ಳುವವರು ಹೆಡ್‌ಲೈಟ್, ಬಂಪರ್, ಸ್ಟಿಯರಿಂಗ್ ರ‍್ಯಾಕ್ ಈ ಮೂರು ಎಲ್ಲಿ, ಎಷ್ಟಕ್ಕೆ ಸಿಗುತ್ತವೆ ಎಂದು ಮೊದಲೇ ಫೋನು ಮಾಡಿ ತಿಳಿದುಕೊಳ್ಳಬೇಕು.

ಚಿಪ್, ಸೈಲೆನ್ಸರ್, ನೀರು ಕುಡಿದ ಗಾಡಿ

ವೇಗದ ಗಾಡಿಯ ಹಿಂದಿನ ಮಾಲೀಕ ವೇಗದ ಆಸೆಯವನೇ ಆಗಿರುತ್ತಾನೆ. ಎಂಜಿನ್ನಿನ ಕಂಪ್ಯೂಟರಿಗೆ ಶಕ್ತಿ ಏರಿಸುವ ‘ಸ್ಟೇಜ್ ಒನ್’ ಟ್ಯೂನ್ ಹಾಕಿಸಿ, ಒಂದೆರಡು ವರ್ಷ ಕುಣಿಸಿ, ಮಾರುವ ಮುನ್ನ ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿಸುವುದು ಮಾಮೂಲು. ಟ್ಯೂನೇ ಕೆಟ್ಟದ್ದು ಎನ್ನುವುದಕ್ಕಿಂತ, ಅದನ್ನು ತಾಳಲು ಕ್ಲಚ್ಚು, ಕೂಲಿಂಗು ಬದಲಿಸಿದ್ದರೋ ಇಲ್ಲವೋ ಎಂಬುದು ಪ್ರಶ್ನೆ. ಕೆಲವು ಗಾಡಿಗಳಲ್ಲಿ ಕಂಪ್ಯೂಟರನ್ನು ಎಷ್ಟು ಸಲ ಬರೆಯಲಾಗಿದೆ ಎಂಬ ಎಣಿಕೆ ಒಳಗೇ ಉಳಿದಿರುತ್ತದೆ. ಗೊತ್ತಿರುವ ಮೆಕ್ಯಾನಿಕ್ ಅದನ್ನು ಓದುತ್ತಾನೆ. ಪೋರ್ಷೆ ಗಾಡಿಗಳಲ್ಲಿ ಎಂಜಿನ್ ಮಿತಿ ಮೀರಿ ಸುತ್ತಿದ್ದು ಎಷ್ಟು ಬಾರಿ, ಎಂಜಿನ್ನಿನ ಎಷ್ಟನೇ ಗಂಟೆಯಲ್ಲಿ ಎಂಬುದೂ ದಾಖಲಾಗಿರುತ್ತದೆ. ಗಾಡಿಯ ಅಡಿಗೆ ತಲೆ ಹಾಕಿ ಸೈಲೆನ್ಸರ್ ಪೈಪನ್ನೂ ನೋಡಿ. ಹೊಸ ವೆಲ್ಡಿಂಗ್ ಗುರುತಿದ್ದರೆ, ಕ್ಯಾಟಲಿಟಿಕ್ ಕನ್ವರ್ಟರ್ ಇರಬೇಕಾದ ಜಾಗದಲ್ಲಿ ಬರೀ ಪೈಪಿದ್ದರೆ ಅದನ್ನು ‘ಪಟಾಕಿ ಸೌಂಡ್’ಗಾಗಿ ಕತ್ತರಿಸಿದ್ದಾರೆ. ದಂಡ ಕಟ್ಟುವವರು ಇನ್ನು ಮುಂದೆ ನೀವು.

ಮುಳುಗಿದ ಗಾಡಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. 2020ರ ಅಕ್ಟೋಬರಿನಲ್ಲಿ ಹೈದರಾಬಾದ್ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದ ಸಿರಿವಂತ ಬಡಾವಣೆಗಳಲ್ಲಿ ಬೆಂಟ್ಲಿ, ಲೆಕ್ಸಸ್‌ನಂಥ ಗಾಡಿಗಳು ಬಾನೆಟ್ ಮಟ್ಟದ ನೀರಿನಲ್ಲಿ ನಿಂತ ಚಿತ್ರಗಳು ದೇಶವೆಲ್ಲ ಓಡಾಡಿದವು. ಇಂಥ ನೆರೆ ಇಳಿದ ಮೇಲೆ ಮುಳುಗಿದ ಗಾಡಿಗಳಲ್ಲಿ ಒಂದಷ್ಟು ವಿಮೆ ಕಂಪನಿಗಳ ಹರಾಜಿನಿಂದ ಹಾದು, ತೊಳೆದು, ಒಣಗಿಸಿ, ಮತ್ತೆ ಪೇಟೆಗೆ ಬರುತ್ತವೆ. ಒಳಗೆ ಸುವಾಸನೆಯ ಸ್ಪ್ರೇ ಘಮಘಮಿಸುತ್ತಿದ್ದರೆ ಅನುಮಾನ ಬರಲಿ. ಸೀಟ್‌ಬೆಲ್ಟನ್ನು ತುದಿಯವರೆಗೂ ಹೊರಗೆಳೆಯಿರಿ. ಯಾರೂ ತೊಳೆಯದೇ ಬಿಡುವ ಜಾಗ ಅದು. ಸುರುಳಿಯ ಒಳಭಾಗದಲ್ಲಿ ಕೆಸರಿನ ಗೆರೆ ಎದ್ದು ಕಾಣುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯ ಮೂಲೆಗಳನ್ನು ಬೆರಳಲ್ಲಿ ಕೆರೆದು ನೋಡಿ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಫ್ಯೂಸ್ ಬಾಕ್ಸಿನಲ್ಲಿ ಹಸಿರು ಕಿಲುಬು ಇದ್ದರೆ ಆ ಗಾಡಿಯ ವೈರಿಂಗ್ ಒಂದಲ್ಲ ಒಂದು ದಿನ ನಡುರಸ್ತೆಯಲ್ಲಿ ಕೈಕೊಡುತ್ತದೆ. ವಿಮೆ ಕಂಪನಿಯಿಂದ ಕ್ಲೇಮ್ ಇತಿಹಾಸ ತರಿಸಿಕೊಡಲು ಮಾಲೀಕರಿಗೇ ಹೇಳಿ.

ಪೇಂಟ್ ನೋಡಲು ಒಂದು ಸಣ್ಣ ಗೇಜ್ ಸಿಗುತ್ತದೆ. ಕಂಪನಿಯ ಪೇಂಟ್ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ದಪ್ಪ. ಒಂದು ಬಾಗಿಲಿನಲ್ಲಿ ಮಾತ್ರ 300 ದಾಟಿದರೆ ಒಳಗೆ ಪುಟ್ಟಿ ಇದೆ. ಮಡ್‌ಗಾರ್ಡು, ಬಾನೆಟ್ ಬೋಲ್ಟುಗಳ ಬಣ್ಣ ಎದ್ದಿದೆಯೇ ನೋಡಿದರೂ ಟಿಂಕರಿಂಗ್ ನಡೆದದ್ದು ಗೊತ್ತಾಗುತ್ತದೆ. ಬಂಪರಿಗೆ ಹೊಸ ಬಣ್ಣ ಬಿದ್ದಿದ್ದರೆ ಅದು ದೊಡ್ಡ ವಿಷಯವಲ್ಲ. ಚಾಸಿಸ್ಸಿಗೆ, ಮುಂದಿನ ರೇಡಿಯೇಟರ್ ಫ್ರೇಮಿಗೆ ವೆಲ್ಡಿಂಗ್ ಬಿದ್ದಿದ್ದರೆ ಮಾತ್ರ ಬೇಡವೇ ಬೇಡ.

ನಮ್ಮ ರಸ್ತೆ, ನಮ್ಮ ಟೈರು

ಮೇಲಿನ ಎಲ್ಲದಕ್ಕಿಂತ ನನ್ನ ಜೀವ ಹೆಚ್ಚು ತುಡಿಯುವುದು ಟೈರು ಮತ್ತು ಬ್ರೇಕಿನ ವಿಷಯಕ್ಕೆ. ಎಂಜಿನ್ ಕೆಟ್ಟರೆ ದುಡ್ಡು ಹೋಗುತ್ತದೆ, ಟೈರ್ ಸಿಡಿದರೆ ಮನೆಯ ಮಗ ಹೋಗುತ್ತಾನೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿಗಳು ಹೊಸದರಂತೆ ಆಳ ಇದ್ದರೂ ಆರೇಳು ವರ್ಷ ಬಿಸಿಲು ಕಂಡ ರಬ್ಬರು ಗಟ್ಟಿಯಾಗಿ, ಸಣ್ಣ ಬಿರುಕು ಬಿಟ್ಟಿರುತ್ತದೆ. ಅದನ್ನು ಹಾಕಿಕೊಂಡು ಉರಿಬಿಸಿಲಿನಲ್ಲಿ ಹೆದ್ದಾರಿಯಲ್ಲಿ 140 ಮುಟ್ಟಿಸಬಾರದು. ಗಾತ್ರದ ಪಕ್ಕದಲ್ಲಿ ಒಂದು ಅಕ್ಷರವೂ ಇರುತ್ತದೆ. ವಿ ಎಂದರೆ 240 ಕಿ.ಮೀ. ವೇಗದವರೆಗೆ, ಡಬ್ಲ್ಯು 270, ವೈ 300. ಗಾಡಿಯ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಹೇಳಿದ ದರ್ಜೆಗಿಂತ ಕೆಳಗಿನ ಅಗ್ಗದ ಟೈರು ಹಾಕಿ ಮಾರಿದ್ದರೆ, ನಾಲ್ಕೂ ಹೊಸ ಟೈರುಗಳ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಕಳೆಯಿರಿ. ಬ್ರೇಕ್ ಡಿಸ್ಕಿನ ಮೇಲೆ ಅದು ಕನಿಷ್ಠ ಎಷ್ಟು ಮಿಲಿಮೀಟರ್ ದಪ್ಪ ಇರಬೇಕೆಂದು ಅಚ್ಚು ಹಾಕಿರುತ್ತಾರೆ. ವರ್ನಿಯರ್ ಹಿಡಿದು ಅಳೆಯಲು ಎರಡು ನಿಮಿಷ ಸಾಕು.

ಲೋ ಗಾಡಿಯನ್ನು ದೇವದುರ್ಗದ ಹಳ್ಳಿ ರಸ್ತೆಗೆ ತರುವವರು ನೆಲಕ್ಕೂ ಗಾಡಿಯ ಹೊಟ್ಟೆಗೂ ಎಷ್ಟು ಅಂತರ ಇದೆ ನೋಡಬೇಕು. ಅಸಲಿ ಸ್ಪೋರ್ಟ್ಸ್ ಕಾರುಗಳಲ್ಲಿ ಅದು 110–120 ಮಿ.ಮೀ. ಆಸುಪಾಸು. ನಮ್ಮ ಊರೂರಿನ ಹಂಪುಗಳಿಗೆ ಅಷ್ಟು ಸಾಲದು. ಎಂಜಿನ್ ಆಯಿಲ್ ಸಂಪಿನ ಕೆಳಗೆ ಗೀರಿದ ಗುರುತು, ಒಸರಿದ ಎಣ್ಣೆ ಇದೆಯೇ ಎಂದು ರ‍್ಯಾಂಪಿನ ಮೇಲೆ ಏರಿಸಿಯೇ ನೋಡಬೇಕು. ಸುಗ್ಗಿಯಲ್ಲಿ ಇನ್ನೊಂದು ಅಪಾಯ ಇದೆ. ಸಜ್ಜೆ, ತೊಗರಿ, ಹುರುಳಿಯನ್ನು ರಸ್ತೆಯ ಮೇಲೆ ಹರವಿ ಗಾಡಿಗಳಿಂದ ತುಳಿಸಿ ಒಕ್ಕುವುದು ಇನ್ನೂ ನಿಂತಿಲ್ಲ. ಒಣ ಹೊಟ್ಟು, ಹುಲ್ಲು ಗಾಡಿಯ ಅಡಿಗೆ ಸುತ್ತಿಕೊಂಡು, ನೂರಾರು ಡಿಗ್ರಿ ಕಾದ ಕ್ಯಾಟಲಿಟಿಕ್ ಕನ್ವರ್ಟರಿಗೆ ತಾಗಿ ಬೆಂಕಿ ಹೊತ್ತಿದ ಸುದ್ದಿ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿದೆ. ನೆಲಕ್ಕೆ ಹತ್ತಿರ ಇರುವ ಗಾಡಿಗೆ ಈ ಅಪಾಯ ಹೆಚ್ಚು. ಕಂಪನಿ ಕೊಟ್ಟ ಅಡಿತಟ್ಟೆಗಳು, ಶಾಖ ತಡೆಯುವ ತಗಡುಗಳು ಎಲ್ಲವೂ ಜಾಗದಲ್ಲಿವೆಯೇ ನೋಡಿ. ಗ್ಯಾರೇಜುಗಳಲ್ಲಿ ಬಿಚ್ಚಿ ಮತ್ತೆ ಹಾಕದೇ ಬಿಡುವುದು ಅವನ್ನೇ.

ಕಾಗದ

ಬೆಂಗಳೂರಿನಲ್ಲಿ 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೇರೆ ರಾಜ್ಯದ ನಂಬರಿನಲ್ಲಿ ಓಡಾಡುತ್ತಿದ್ದ ಸುಮಾರು 30 ಐಷಾರಾಮಿ ಕಾರುಗಳನ್ನು ವಶಕ್ಕೆ ತೆಗೆದುಕೊಂಡಿತು. ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಅದರಲ್ಲಿದ್ದವು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ 1.42 ಕೋಟಿ ರೂಪಾಯಿ ತೆರಿಗೆ ಬಿತ್ತು. ಅದೇ ತಿಂಗಳು, ಹಿಂದಿ ಚಿತ್ರನಟರಿಬ್ಬರಿಂದ ಬಂದಿದ್ದ ಎರಡು ರೋಲ್ಸ್ ರಾಯ್ಸ್ ಕಾರುಗಳಿಗೆ ಒಟ್ಟು 38 ಲಕ್ಷಕ್ಕೂ ಹೆಚ್ಚು ಹಣ ಕಟ್ಟಿಸಿಕೊಂಡರು. ಗಾಡಿ ಕೊಂಡವರು ನೋಂದಣಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ, ದಾಖಲೆಯಲ್ಲಿ ಇನ್ನೂ ನಟರ ಹೆಸರೇ ಇತ್ತು. ರಾಯಚೂರಿನಲ್ಲಿ ತೆಲಂಗಾಣದ ನಂಬರಿನಲ್ಲೇ ವರ್ಷಗಟ್ಟಲೆ ಓಡಿಸುವವರಿಗೂ ಇದೇ ಕಾನೂನು.

ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು. ನಮಗೆ ಅದು ಕೆಎ-36. ಅದಕ್ಕೆ ಮೊದಲು ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಮಾರಾಟಕ್ಕೆ ಫಾರಂ 29 ಮತ್ತು 30, ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಸಹಿಯ ಫಾರಂ 35 ಬೇಕು. ಆಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಹೊಸ ಗಾಡಿಗೆ 20 ಲಕ್ಷದ ಮೇಲಿನ ಬೆಲೆಗೆ ಶೇ 18, ಅದರ ಮೇಲೆ ಸೆಸ್. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ನಿಜ. ಆದರೆ ಲೆಕ್ಕ ಹಿಡಿಯುವುದು ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ, ನೀವು ಏಜೆಂಟಿಗೆ ಕೊಟ್ಟ ಹನ್ನೆರಡು ಲಕ್ಷದ ಮೇಲಲ್ಲ. ಅಗ್ಗ ಎಂದು ತಂದ ಗಾಡಿ ದುಬಾರಿಯಾಗುವುದು ಬಹಳ ಸಲ ಇಲ್ಲಿಯೇ. ರಾಯಚೂರಿನ ಆರ್‌ಟಿಒ ಕಚೇರಿಯಲ್ಲಿ ಗಾಡಿಯ ಇನ್‌ವಾಯ್ಸ್ ಬೆಲೆ, ನೋಂದಣಿ ದಿನಾಂಕ ಹೇಳಿ ತೆರಿಗೆ ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ಅದೇ ಗಾಡಿ ಬೆಂಗಳೂರಿನಲ್ಲಿ ಕೆಎ ನಂಬರಿನದು ಎರಡು ಲಕ್ಷ ಹೆಚ್ಚಿಗೆ ಇದ್ದರೂ ಕೊನೆಗೆ ಅದೇ ಅಗ್ಗವಾಗಬಹುದು.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿದರೆ ಎಷ್ಟನೇ ಮಾಲೀಕರು, ಸಾಲ ಇದೆಯೇ, ವಿಮೆ ಎಂದಿನವರೆಗೆ ಎಂಬುದು ಕಾಣುತ್ತದೆ. ‘ಸಿಂಗಲ್ ಓನರ್’ ಮಾತು ಅಲ್ಲೇ ಎಷ್ಟೋ ಸಲ ಬಿದ್ದುಹೋಗುತ್ತದೆ. ತೆಲಂಗಾಣದ ಬಾಕಿ ಚಲನ್‌ಗಳನ್ನು ಅಲ್ಲಿನ ಪೊಲೀಸರ ಇ-ಚಲನ್ ತಾಣದಲ್ಲಿ ಬೇರೆಯಾಗಿ ನೋಡಬೇಕು. ವಿಮೆಯನ್ನು ಗಾಡಿ ವರ್ಗಾವಣೆಯಾದ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಅದಿಲ್ಲದೆ ನಿಮ್ಮ ಗಾಡಿಗೆ ಪೆಟ್ಟಾದರೆ ಕ್ಲೇಮ್ ಸಿಗುವುದು ಕಷ್ಟ. ಹಳೆಯವರ ನೋ ಕ್ಲೇಮ್ ಬೋನಸ್ ಅವರ ಜೊತೆಯೇ ಹೋಗುತ್ತದೆ. ಮಾರುವವರಿಗೂ ಹೆಸರು ಬದಲಾವಣೆಯ ತುರ್ತು ಇದೆ. 2018ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಯಾರ ಕೈಗೆ ಹೋಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಹೇಳಿದೆ. ಇದನ್ನು ಅವರಿಗೆ ನೆನಪಿಸಿದರೆ ಸಹಿಗಳು ಬೇಗ ಬೀಳುತ್ತವೆ.

ಹಣ ಕೊಡುವಾಗ ಅಡ್ವಾನ್ಸ್ ಸಣ್ಣದಿರಲಿ, ಬ್ಯಾಂಕ್ ಮೂಲಕವೇ ಇರಲಿ. ಪರೀಕ್ಷೆಯಲ್ಲಿ ಗಾಡಿ ಫೇಲಾದರೆ ವಾಪಸ್ ಎಂದು ಅದರ ರಸೀದಿಯಲ್ಲೇ ಬರೆಸಿ. ಆ ಕಂಪನಿಯ ವರ್ಕ್‌ಶಾಪಿನಲ್ಲೋ, ಆ ಗಾಡಿಗಳನ್ನೇ ರಿಪೇರಿ ಮಾಡುವ ಬೇರೆ ಮೆಕ್ಯಾನಿಕ್ ಹತ್ತಿರವೋ ರ‍್ಯಾಂಪ್ ಏರಿಸಿ, ಸ್ಕ್ಯಾನ್ ಮಾಡಿಸಿ ವರದಿ ತೆಗೆದುಕೊಳ್ಳಿ. ಅದರ ಫೀಸು ನಿಮ್ಮ ಕೈಯಿಂದಲೇ ಹೋಗಲಿ, ಏಜೆಂಟ್ ಕರೆದುಕೊಂಡು ಹೋದ ಗ್ಯಾರೇಜು ಬೇಡ. ಎರಡೂ ಕೀಲಿ ಇವೆಯೇ ಕೇಳಿ, ಒಂದು ಕೋಡೆಡ್ ಕೀಲಿಗೇ ಸಾವಿರಾರು ರೂಪಾಯಿ. ಉಳಿದ ಹಣದಲ್ಲಿ ಒಂದು ಭಾಗವನ್ನು ಎನ್‌ಒಸಿ ಕೈಗೆ ಬರುವವರೆಗೆ ಹಿಡಿದಿಟ್ಟುಕೊಳ್ಳಿ. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಇಬ್ಬರೂ ಸಹಿ ಹಾಕಿ. ಬೆಳಿಗ್ಗೆ ಅವರು ಹಾರಿದ ಸಿಗ್ನಲ್ಲಿನ ಚಲನ್ ಮಧ್ಯಾಹ್ನ ಗಾಡಿ ತಂದ ನಿಮ್ಮ ತಲೆಗೆ ಬರಬಾರದು. ಗಾಡಿಯ ಬೆಲೆಯ ಕಾಲು ಭಾಗದಷ್ಟನ್ನು ಮೊದಲ ವರ್ಷದ ರಿಪೇರಿಗೆ ಪಕ್ಕಕ್ಕೆ ಇಡಲು ಆಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಗಾಡಿ ನೋಡಿ. ಇಟ್ಟಿದ್ದರೆ, ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್ ಎಲ್ಲ ಬದಲಿಸಿ, ಟೈರು ಹಳೆಯದಿದ್ದರೆ ಹೊಸದು ಹಾಕಿಸಿ, ಆಮೇಲೆ ಮಾನ್ವಿ ರಸ್ತೆ ಹಿಡಿಯಿರಿ.